ಬಾಗಿದರೆ ತಗ್ಗುವ ನೋವು

ನಮ್ಮ ಮನೆಯವರು ಎಲ್ಲಕ್ಕಿಂತ ಹೆಚ್ಚು ಸೀರೆ ನೇಯ್ದದ್ದು ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವಿದ್ದ ವರ್ಷದಲ್ಲಿ. ಈಗ ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಲ್ಲೆ. ಆಗ, ಅದೇ ಮಗ್ಗದ ಪಕ್ಕದಲ್ಲಿ ದಿನವಿಡೀ ಕೂತು ಅವರ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ನನಗೆ ಇದು ಕಾಣಲಿಲ್ಲ. ಕಾಣಲಿಲ್ಲ ಎಂದರೂ ತಪ್ಪಾದೀತು. ಕಂಡದ್ದನ್ನು ತಲೆಕೆಳಗು ಮಾಡಿ ತಿಳಿದುಕೊಂಡೆ. ಗಂಡನ ಸೇವೆ ಮಾಡಿದ ಪುಣ್ಯವಂತೆ ಎಂದು ಓಣಿಯವರು ಇಂದಿಗೂ ನನ್ನನ್ನು ಹೊಗಳುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯಲ್ಲಿ ಮಗ್ಗ, ಮಗ್ಗ ಬಿಟ್ಟು ಮಿಕ್ಕ ಜಾಗದಲ್ಲಿ ಸಂಸಾರ. ನಮ್ಮದು ಕುಣಿಮಗ್ಗ. ನೆಲದಲ್ಲಿ ಮೊಣಕಾಲುದ್ದದ ಕುಣಿ ತೋಡಿ, ನೇಯುವವನು ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಸರಿಯಾಗಿ ಅವನ ಹೊಟ್ಟೆಯ ಮುಂದೆ ಬರುತ್ತದೆ. ಅದರ ಮೇಲೆ ಬಾಗಿಯೇ ಲಾಳಿ ಹೊಡೆಯಬೇಕು. ನನ್ನ ತವರು ಬೆಳವಣಕಿ. ಅಲ್ಲಿ ನಮ್ಮವರು ಮಗ್ಗ ಬಿಟ್ಟು ಹೊಲ ಹಿಡಿದು ಎರಡು ತಲೆಮಾರಾಗಿತ್ತು. ಹೀಗಾಗಿ ಮದುವೆಯಾಗಿ ಬಂದಾಗ ನನಗೆ ಮಗ್ಗದ ಕೆಲಸ ಒಂದೂ ಬರುತ್ತಿರಲಿಲ್ಲ. ರಾಟೆ ತಿರುಗಿಸಿ ಕಂಡಿಕೆ ಸುತ್ತುವುದನ್ನು ಅತ್ತೆ ಕೈಹಿಡಿದು ಕಲಿಸಿದರು. ನೂಲು ಹರಿದರೆ ಬೈಯುತ್ತಿದ್ದರು, ಹರಿಯದಿದ್ದರೆ ನಿಧಾನವಾಯಿತೆಂದು ಬೈಯುತ್ತಿದ್ದರು.

ಹೊಟ್ಟೆ ನೋವು ಶುರುವಾದದ್ದು ನಮ್ಮ ಮಗಳು ಅಂಬೆಗಾಲಿಡುತ್ತಿದ್ದ ಕಾಲಕ್ಕೆ. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಎದೆಗೂಡಿನ ಕೆಳಗೆ ಹಿಡಿದುಕೊಂಡು ಸೀದಾ ಬೆನ್ನಿಗೆ ಹಾಯುವ ನೋವು. ಅವರು ನೋವಿನ ಬಗ್ಗೆ ಮಾತಾಡುವ ಮನುಷ್ಯರಲ್ಲ. ಒಂದೇ ಒಂದು ಸಲ ಹೇಳಿದ್ದರು.

“ಮುಂದ ಗೂಟಾ ಬಡದು ಹಿಂದಿನಿಂದ ಜಗ್ಗಿದಂಗ ಆಗತೈತಿ.”

ಅತ್ತೆ ಅಜವಾನ ಅರೆದು ಕೊಟ್ಟರು, ಇಂಗು ಹಚ್ಚಿದರು, ಬಿಸಿ ಬೂದಿಯ ಗಂಟು ಕಟ್ಟಿ ಕಾಸಿದರು. ಊರಿನ ಔಷಧ ಕೊಡುವವರು ಸೋಡಾದ ಪುಡಿ ಕೊಟ್ಟರು. ಯಾವುದೂ ನಾಟಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ಅಡ್ಡಾದರೆ ನೋವು ಏರುತ್ತಿತ್ತು. ಅಂಗಾತ ಮಲಗಿದರಂತೂ ಎರಡು ನಿಮಿಷ ತಡೆಯುತ್ತಿರಲಿಲ್ಲ. ಎದ್ದು, ಗೋಡೆ ಹಿಡಿದು, ಮಗ್ಗಕ್ಕೆ ಹೋಗಿ ಕೂರುತ್ತಿದ್ದರು. ಕೂತು ನಾಲ್ಕು ಸಲ ಲಾಳಿ ಹೊಡೆದರೆ ಮುಖದ ಗಂಟು ಸಡಿಲಾಗುತ್ತಿತ್ತು.

ಇದನ್ನು ನೋಡಿ ನಾನು ಏನು ತಿಳಿದುಕೊಂಡೆನೆಂದರೆ, ಕೆಲಸವೇ ಇವರಿಗೆ ಮದ್ದು. ಸುಮ್ಮನೆ ಬಿದ್ದುಕೊಂಡರೆ ಬೇನೆ ಬೆಳೆಯುತ್ತದೆ, ಮೈ ಬಗ್ಗಿಸಿದರೆ ಓಡುತ್ತದೆ. ಹೊಲದ ಮನೆಯಲ್ಲಿ ನಾನು ಕೇಳಿ ಬೆಳೆದದ್ದೂ ಅದೇ. ಹೀಗಾಗಿ ಅವರು ಊಟದ ಮೇಲೆ ಹೊಟ್ಟೆ ಹಿಡಿದುಕೊಂಡರೆ ನಾನೇ ಹೇಳುತ್ತಿದ್ದೆ.

“ಮಗ್ಗಕ್ಕ ಕುಂದರ್ರಿ. ಕಡಿಮಿ ಆಕ್ಕೈತಿ.”

ಅವರು ಹೋಗಿ ಕೂರುತ್ತಿದ್ದರು. ನಾನು ಲಗುಬಗೆಯಿಂದ ಕಂಡಿಕೆ ಸುತ್ತುತ್ತಿದ್ದೆ. ಅವರ ವಾರಿಗೆಯವರು ಒಂದು ಸೀರೆ ಇಳಿಸುವಷ್ಟರಲ್ಲಿ ಅವರು ಎರಡನೆಯದರ ಸೆರಗಿಗೆ ಬಂದಿರುತ್ತಿದ್ದರು. ನೂಲು ಕೊಟ್ಟು ಸೀರೆ ಒಯ್ಯುವ ಸಾವಕಾರರು ಒಮ್ಮೆ ಪಡಸಾಲೆಯಲ್ಲಿ ನಿಂತು ದಡಿಯನ್ನು ಬೆರಳಿನಿಂದ, ಸೀರೆಯಂಚಿನುದ್ದಕ್ಕೂ ಸವರಿ, “ಇಂಥಾ ಗಂಡ ಸಿಗಬೇಕಾದರ ಪುಣ್ಯಾ ಮಾಡಿರಬೇಕವ್ವಾ ನೀ” ಎಂದರು. ನಾನು ಹಿಗ್ಗಿದೆ. ಆ ಹಿಗ್ಗು ನೆನಪಾದಾಗೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಪ್ಪು ತಿಳಿದವಳು ನಾನೊಬ್ಬಳೇ ಅಲ್ಲ. ಅತ್ತೆಯದು ಇನ್ನೊಂದು ಥರ. ನಮ್ಮ ಮಂದಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಅಂದು ಮಗ್ಗ ತೊಳೆದು, ವಿಭೂತಿ ಹಚ್ಚಿ, ಪೂಜೆ ಮಾಡಿ, ಹೋಳಿಗೆಯೋ ಕಡುಬೋ ಮಾಡಿ, ಮೇಲೆ ಕೈಬಿಡದೆ ತುಪ್ಪ ಸುರಿದು ಉಣ್ಣುವುದು. ಉಂಡ ಮೇಲೆ ಓಣಿಗೆ ಓಣಿಯೇ ಮಲಗುವುದು. ತಿಂಗಳಿಗೆ ನೇಕಾರನಿಗೆ ಸಿಗುವ ಬಿಡುವು ಅದೊಂದೇ. ನಮ್ಮ ಮನೆಯವರಿಗೆ ಎಲ್ಲ ದಿನಕ್ಕಿಂತ ಕಠಿಣವಾದ ನೋವು ಬರುತ್ತಿದ್ದದ್ದು ಅಂದೇ. ತುಪ್ಪದೂಟ ಹೊಟ್ಟೆಗೆ ಹೋಗಿರುತ್ತಿತ್ತು, ಬಾಗಿ ಕೂರಲು ಮಗ್ಗವಿಲ್ಲ, ಹಬ್ಬದ ದಿನ ಮಲಗು ಎಂದು ಎಲ್ಲರ ಒತ್ತಾಯ. ಇಷ್ಟನ್ನು ಈಗ ಎಳೆ ಎಳೆಯಾಗಿ ಬಿಡಿಸಿ ಹೇಳಬಲ್ಲೆ. ಅತ್ತೆಗೆ ಅಂದು ಕಂಡದ್ದು ಒಂದೇ: ತಿಂಗಳ ತಿಂಗಳ ತಪ್ಪದೆ ಅಮಾವಾಸ್ಯೆಗೇ ಬರುತ್ತದೆ, ಅಂದ ಮೇಲೆ ಇದು ಬೇನೆಯಲ್ಲ, ದೆವ್ವದ ಸೋಂಕು.

ಹೊಳೆಮಣ್ಣೂರ ಆಚೆ, ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ದಾರ ಕಟ್ಟುವ ಒಬ್ಬ ಮುದುಕನಿದ್ದ. ಅತ್ತೆ ಮಗನನ್ನು ಚಕ್ಕಡಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ಮುದುಕ ರಟ್ಟೆಗೆ ಕರಿದಾರ ಕಟ್ಟಿ, ಅಮಾವಾಸ್ಯೆಯ ದಿನ ಹೊತ್ತು ಮುಳುಗುವ ತನಕ ಬಾಯಿಗೆ ನೀರು ಬಿಟ್ಟು ಏನೂ ಹಾಕಬಾರದು ಎಂದನಂತೆ. ಮುಂದಿನ ಅಮಾವಾಸ್ಯೆಗೆ ಹಾಗೇ ಮಾಡಿದರು. ನೋವು ಬರಲಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ಆ ನೋವು ಏಳುವುದಿಲ್ಲವೆಂದು ನಮಗೇನು ಗೊತ್ತು? ಅತ್ತೆ ಮಗನ ದೃಷ್ಟಿ ತೆಗೆದು ನೆಟಿಕೆ ಮುರಿದರು. ನಾನೂ ಹೊಳೆಯ ದಿಕ್ಕಿಗೆ ತಿರುಗಿ ಕೈಮುಗಿದೆ.

ಆದರೆ ಮಿಕ್ಕ ಇಪ್ಪತ್ತೊಂಬತ್ತು ದಿನ ಅವರು ಕರಗುತ್ತಲೇ ಇದ್ದರು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಬಚ್ಚಲ ಮೂಲೆಯಲ್ಲಿ ಇರುವೆ ಸಾಲು ಹಿಡಿದದ್ದನ್ನು ನೋಡಿ ನಾನು ಬೆಲ್ಲದ ನೀರು ಯಾರು ಚೆಲ್ಲಿದಿರಿ ಎಂದು ಮಗಳನ್ನು ಗದರಿಸಿದ್ದೆ. ಅವರ ಮೂತ್ರದ ಸಕ್ಕರೆಗೆ ಇರುವೆ ಬರುತ್ತಿತ್ತೆಂದು ತಿಳಿದದ್ದು ಹುಬ್ಬಳ್ಳಿಗೆ ಹೋದ ಮೇಲೆ.

ಕಣ್ಣು ತೆರೆಸಿದ್ದು ದೀಪಾವಳಿಯ ಎಣ್ಣೆ ಸ್ನಾನ. ರಾಜ್ಯ ಒಂದಾದ ಮರುವರ್ಷದ ದೀಪಾವಳಿ ಅದು. ನೀರು ಕಾಸಿ, ಅವರನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚುತ್ತಿದ್ದೆ. ಬೆನ್ನಿನ ಎಲುಬು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಮುಂದಕ್ಕೆ ಬಂದು ಹೊಟ್ಟೆಗೆ ಕೈ ಹಾಕಿದರೆ ಅಡ್ಡಲಾಗಿ, ಈ ಪಕ್ಕದಿಂದ ಆ ಪಕ್ಕದವರೆಗೆ, ಕಪ್ಪಗೆ ಒರಟಾದ ಒಂದು ಪಟ್ಟಿ. ನೊಗ ಹೊತ್ತ ಎತ್ತಿನ ಹೆಗಲಿನ ದಡ್ಡು ಹೇಗಿರುತ್ತದೋ ಹಾಗೆ. ತವರಿನಲ್ಲಿ ಎತ್ತಿನ ಮೈ ತೊಳೆದು ಬೆಳೆದವಳು ನಾನು. ಮುಟ್ಟಿದ ಕೂಡಲೇ ಗೊತ್ತಾಯಿತು. ಇದು ನೇಯ್ದು ಆದದ್ದಲ್ಲ, ಒತ್ತಿ ಆದದ್ದು.

“ಇದೇನ್ರಿ ಇದು?” ಎಂದೆ.

ಅವರು, “ದಿಂಡಿಗೆ ಒತ್ತಿ ಹಿಡಕೊಂಡ್ರ ಒಂಚೂರು ತಡಿಯಾಕ ಆಗತೈತಿ” ಎಂದರು. ಆಮೇಲೆ, “ಸುಮ್ನ ಒತ್ತಿಕೊಂಡು ಕುಂತ್ರ ನೀವಿಬ್ರೂ ಅಂಜತೀರಿ. ಅದಕ್ಕ ನೇಯತಿದ್ದೆ.”

ನನ್ನ ಕೈ ಎಣ್ಣೆಯಲ್ಲೇ ನಿಂತುಬಿಟ್ಟಿತು. ಮೂರು ವರ್ಷ ಅವರು ಮಗ್ಗದಲ್ಲಿ ಕೂತು ನೋವು ನುಂಗಿದ್ದರು, ನಾನು ಪಕ್ಕದಲ್ಲಿ ಕೂತು ಅದಕ್ಕೆ ನೂಲು ಒದಗಿಸಿದ್ದೆ. ಅತ್ತೆ ಅಂದಿನ ಅಮಾವಾಸ್ಯೆಯ ಉಪವಾಸದ ಮಾತು ತೆಗೆದರು. ನಾನು ಮದುವೆಯಾದ ಮೇಲೆ ಮೊದಲ ಸಲ ಅವರಿಗೆ ಎದುರು ಮಾತಾಡಿದೆ.

“ಉಪಾಸ ನೀವ ಮಾಡ್ರಿ ಅತ್ತಿ. ನಾ ನಾಳಿ ಇವ್ರನ್ನ ರೋಣದ ದವಾಖಾನಿಗೆ ಕರಕೊಂಡ ಹೋಗಾಕಿ.”

ಅತ್ತೆ ಮರುದಿನ ಮುಂಜಾನೆ ಬುತ್ತಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದರು.

ರೋಣದಲ್ಲಿ ಆಗ ಇದ್ದ ಡಾಕ್ಟರು ವಯಸ್ಸಾದವರು, ಬಾಯಿ ತುಂಬ ಎಲೆ ಅಡಿಕೆ. ನಮ್ಮವರ ಹೊಟ್ಟೆಯ ದಡ್ಡನ್ನು ನೋಡಿ ಎಲೆ ಉಗಿದು ಬಂದರು. ಮೊದಲು ಕೇಳಿದ್ದು, “ಸೆರೆ ಕುಡೀತಿಯೇನು?”

“ನಮ್ಮ ಮನ್ಯಾಗ ಅದರ ವಾಸನಿ ಸುದ್ಧಾ ಇಲ್ರಿ” ಎಂದು ನಾನು ಸಿಡುಕಿದೆ.

“ನಿನ್ನ ಕೇಳಿಲ್ಲವಾ, ಅವನ್ನ ಕೇಳೀನಿ” ಎಂದು ಅವರು ಶಾಂತವಾಗಿ ಹೇಳಿ, “ಕುಡಿಯದವರಿಗೂ ಬರತದ” ಎಂದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಇನ್ನೇನೋ ಕೇಳಿದರು. ನಾನು ಬಾಗಿಲ ಸಂದಿಗೆ ಕಿವಿ ಕೊಟ್ಟೆ. ಹೊಲದ ಕಡೆ ಹೋದಾಗ ಮಲ ಹೇಗಿರುತ್ತದೆ ಎಂದು ಕೇಳುತ್ತಿದ್ದರು. ನಮ್ಮವರು ನಾಚಿಕೆಯಿಂದ, ಕೇಳಿಯೂ ಕೇಳದಷ್ಟು ಸಣ್ಣಗೆ, “ಎಣ್ಣಿ ಜಿಡ್ಡು ಇದ್ದಂಗ ಇರತೈತ್ರಿ, ಭಾಳ ದಿನಾ ಆತು” ಎಂದರು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಹೇಳದ ಮಾತದು. ಡಾಕ್ಟರು ಚೀಟಿ ಬರೆದು, ತಡ ಮಾಡದೆ ಹುಬ್ಬಳ್ಳಿಗೆ ಹೋಗಿ ಹೊಟ್ಟೆಯ ಫೋಟೋ ತೆಗೆಸಿರಿ ಎಂದರು.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಮೋಟಾರು ಹತ್ತಿದೆವು. ಅವರು ಮುಂದಿನ ಸೀಟಿನ ಹಿಂಬದಿಗೆ ಹೊಟ್ಟೆ ಒತ್ತಿಕೊಂಡು ಬಾಗಿ ಕೂತಿದ್ದರು. ನರಗುಂದದಲ್ಲಿ ಮೋಟಾರು ನಿಂತಾಗ ಹತ್ತಿದವನೊಬ್ಬ ಅವರನ್ನು ನೋಡಿ, “ಮುಂಜಾನೇನ ಏರಿಸ್ಯಾನ ನೋಡ್ರಿ” ಎಂದು ಪಕ್ಕದವನಿಗೆ ಹೇಳಿ ನಕ್ಕ. ನಾನು ಜಗಳಕ್ಕೆ ಎದ್ದೆ. ಅವರು ಬಾಗಿದಲ್ಲಿಂದಲೇ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದರು. ಅಲ್ಲಿಂದ ಮುಂದೆ ಎರೆಹೊಲದ ನಡುವಿನ ದಾರಿ. ಜೋಳ ಎದೆಮಟ್ಟ ಬಂದಿತ್ತು. ನಾನು ಹೊರಗೆ ನೋಡುತ್ತ ಕೂತೆ, ಅವರಿಗೆ ಕಾಣದಂತೆ ಅಳಲು ಅದೊಂದೇ ದಾರಿಯಾಗಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರು ಆ ಕರಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಬೆನ್ನೆಲುಬಿಗೆ ಅಡ್ಡಲಾಗಿ ಬಿಳಿ ಬಿಳಿ ಚುಕ್ಕೆಗಳು, ನೂಲಿನಲ್ಲಿ ಒಂದರ ಹಿಂದೊಂದು ಗಂಟು ಬಿದ್ದಂತೆ. ಜಠರದ ಹಿಂದೆ ಅಡ್ಡ ಮಲಗಿರುವ ಒಂದು ಗ್ರಂಥಿ ಇದೆ, ಉಂಡದ್ದನ್ನು ಕರಗಿಸುವ ರಸ ಅದರಲ್ಲಿ ಹುಟ್ಟುತ್ತದೆ, ಆ ರಸ ಹರಿಯುವ ನಳಿಗೆಯಲ್ಲಿ ಕಲ್ಲು ಕಟ್ಟಿಕೊಂಡಿವೆ ಎಂದು ಬಿಡಿಸಿ ಹೇಳಿದರು. ಮೇದೋಜೀರಕ ಎಂಬ ಹೆಸರನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

“ಬಾಗಿದರ ಯಾಕ ಕಡಿಮಿ ಆಗತೈತ್ರಿ?” ಎಂದು ಕೇಳಿದೆ.

“ಗ್ರಂಥಿ ಬೆನ್ನಿಗೆ ಹತ್ತಿ ಅದ. ಮುಂದ ಬಾಗಿದರ ಜಗ್ಗೂದು ತಪ್ಪತದ. ಅಂಗಾತ ಮಲಗಿದರ ಜಗ್ಗತದ” ಎಂದರು.

ಇಷ್ಟೇ. ಸೋಂಕೂ ಇಲ್ಲ, ಕೆಲಸದ ಮದ್ದೂ ಇಲ್ಲ. ನಾನು ತಲೆ ತಗ್ಗಿಸಿ ಕೂತೆ.

ಕೊಯ್ದು ಕಲ್ಲು ತೆಗೆಯಬೇಕು ಎಂದರು. ಕೊಯ್ಯುವ ಮೊದಲು ಒಂದು ಮಾತನ್ನು ಇಬ್ಬರನ್ನೂ ಕೂರಿಸಿ ಹೇಳಿದರು. “ಕಲ್ಲು ತಗದರ ನೋವು ಹೋಗಬಹುದು. ಆದರ ಇಷ್ಟು ದಿನದಾಗ ಅವು ಆ ಗ್ರಂಥೀನ ತಿಂದಾವ. ಸಕ್ಕರಿ ಹತೋಟಿ ಮಾಡೂದೂ ಅದರದ ಕೆಲಸ. ಅದು ತಿರುಗಿ ಬರೂದಿಲ್ಲ. ಬದುಕಿರೂ ತನಕ ಸೂಜಿ ಬೇಕು.” ನಮ್ಮವರು, “ನೋವೊಂದು ಹೋಗಲ್ರಿ” ಎಂದರು. ಅವರ ಪಾಲಿಗೆ ಆಗ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ನಳಿಗೆಯನ್ನು ಉದ್ದಕ್ಕೆ ಸೀಳಿ, ಕಲ್ಲು ತೆಗೆದು, ಕರುಳನ್ನು ಅದಕ್ಕೆ ಹೊಲಿದರು. ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟ ಕಲ್ಲುಗಳು ಸುಣ್ಣದ ಹರಳಿನಂತೆ ಬೆಳ್ಳಗಿದ್ದವು. ಹೆಚ್ಚಿನವು ಜೋಳದ ಕಾಳಿನಷ್ಟು, ಒಂದು ಮಾತ್ರ ಹುಣಸೆ ಬೀಜದಷ್ಟು. ಎಚ್ಚರವಾದ ಮೇಲೆ ಅವರು ಬಾಟಲಿಯನ್ನು ಅಲುಗಾಡಿಸಿ ನೋಡಿ, “ಇಷ್ಟಿಷ್ಟ ಸಣ್ಣವ?” ಎಂದರು. ಸ್ವಲ್ಪ ಅವಮಾನವಾದಂತಿತ್ತು ಅವರ ದನಿ.

ಕಲ್ಲು ಹೊರಗೆ ಬಂದ ಮೇಲೂ ಕಷ್ಟ ಮುಗಿಯಲಿಲ್ಲ. ಏಳನೆಯ ದಿನ ಗಾಯದ ಒಂದು ಮೂಲೆಯಿಂದ ತಿಳಿನೀರು ಸೋರತೊಡಗಿತು. ಅದು ನೀರಲ್ಲ, ಅದೇ ಅನ್ನ ಕರಗಿಸುವ ರಸ. ಹರಿದಲ್ಲೆಲ್ಲ ಚರ್ಮವನ್ನೂ ಕರಗಿಸುತ್ತಿತ್ತು. ಗಾಯದ ಸುತ್ತ ಕಾದ ಹಂಚು ತಗುಲಿದ ಹಾಗೆ ಕೆಂಪಾಯಿತು. ಜ್ವರ ಬಂತು. ಬಿಳಿ ಮುಲಾಮನ್ನು ಗೋಡೆಗೆ ಸುಣ್ಣ ಬಳಿದಷ್ಟು ದಪ್ಪಗೆ ಬಳಿದು, ತಾಸಿಗೊಮ್ಮೆ ಬಟ್ಟೆ ಬದಲಿಸುತ್ತಿದ್ದೆ. ಅದು ಒಣಗುವ ಹೊತ್ತಿಗೆ ಸಂಕ್ರಾಂತಿ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಅಲ್ಲಿನ ದಾದಿಯೊಬ್ಬರು ನನಗೆ ಸೂಜಿ ಹಾಕಲು ಕಲಿಸಿದರು. ಮೊದಲು ನಿಂಬೆಹಣ್ಣಿಗೆ, ಆಮೇಲೆ ನನ್ನದೇ ತೊಡೆಗೆ ಖಾಲಿ ಸೂಜಿ, ಆಮೇಲೆ ಅವರಿಗೆ. ಮೂತ್ರದ ಪರೀಕ್ಷೆಗೆ ಒಂದು ನೀಲಿ ನೀರು ಕೊಟ್ಟರು. ಗಾಜಿನ ನಳಿಗೆಯಲ್ಲಿ ಅದಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಸಬೇಕು. ನೀಲಿಯೇ ಉಳಿದರೆ ಸಕ್ಕರೆಯಿಲ್ಲ, ಹಸಿರಾದರೆ ಸ್ವಲ್ಪ, ಇಟ್ಟಂಗಿ ಕೆಂಪಾದರೆ ಬಹಳ. ಬಣ್ಣ ಓದುವುದರಲ್ಲಿ ನಾನು ದಾದಿಗಿಂತ ಮುಂದಿದ್ದೆ. ಅವರು ಬರೀ ಹಸಿರು ಎಂದದ್ದನ್ನು ನಾನು ಗಿಳಿ ಹಸಿರು, ನವಿಲು ಹಸಿರು ಎಂದು ಬೇರೆ ಮಾಡಿ ಹೇಳುತ್ತಿದ್ದೆ. ದಿನಾ ಅದನ್ನು ಒಂದು ವಹಿಯಲ್ಲಿ ಬರೆದಿಡು ಎಂದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಮತ್ತೆ ಬರೆಯಲು ಹಿಡಿದದ್ದು ಆ ಬಣ್ಣಗಳಿಂದ.

ಮನೆಗೆ ಹೊರಟ ದಿನ ಡಾಕ್ಟರು ಎರಡು ಮಾತು ಹೇಳಿದರು. ಸೂಜಿ ಒಂದು ದಿನವೂ ತಪ್ಪಿಸಬಾರದು. ಸೂಜಿ ಹಾಕಿದ ಮೇಲೆ ಊಟ ತಡ ಮಾಡಬಾರದು. ಮಾಡಿದರೆ ಮೈ ಬೆವೆತು, ಮಾತು ತೊದಲಿ, ಮಂಪರು ಬರುತ್ತದೆ, ಕೂಡಲೇ ಸಿಹಿ ತಿನ್ನಿಸಬೇಕು. ನಾನು ಎರಡನ್ನೂ ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೇ ಬಂತು.

ಗಜೇಂದ್ರಗಡಕ್ಕೆ ಬಂದಾಗ ಅತ್ತೆ ಬಾಟಲಿಯನ್ನು ಕೈಯಲ್ಲಿ ಹಿಡಿದು ಕಣ್ಣ ಹತ್ತಿರ ತಂದು ನೋಡಿದರು. ಆಮೇಲೆ ಮಗನ ರಟ್ಟೆಯ ಕರಿದಾರವನ್ನು ಬಿಚ್ಚಿ ಒಲೆಗೆ ಹಾಕಿದರು. ಆದರೆ ಮನಸ್ಸಿನ ದಾರ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಮಗ ಬದುಕಿ ಬಂದರೆ ಅಮಾವಾಸ್ಯೆಗೆ ಐವರು ಮುತ್ತೈದೆಯರನ್ನು ಕರೆದು, ಮಗ್ಗದ ಪೂಜೆ ಮಾಡಿ, ಅವರು ಉಂಡ ಮೇಲೆ ಮಗನಿಗೆ ಉಣಿಸುತ್ತೇನೆ ಎಂದು ಬೇಡಿಕೊಂಡಿದ್ದರಂತೆ.

“ಇದೊಂದ ಅಮಾಸಿ. ಮತ್ತ ಕೇಳೂದಿಲ್ಲ” ಎಂದರು.

ನಾನು ಬೇಡ ಎನ್ನಬೇಕಿತ್ತು. ಕರಿ ಫೋಟೋವನ್ನು ಕಣ್ಣಾರೆ ನೋಡಿದ್ದೆ, ಕಲ್ಲನ್ನು ಕೈಯಲ್ಲಿ ಹಿಡಿದಿದ್ದೆ. ಆದರೂ ಒಳಗೊಳಗೆ ಅಮಾವಾಸ್ಯೆಗೆ ಅಂಜುತ್ತಿದ್ದೆ. ಉಪವಾಸದ ದಿನ ನೋವು ಬಂದಿರಲಿಲ್ಲವಲ್ಲ ಎಂಬುದು ತಲೆಯಲ್ಲಿ ಕೂತಿತ್ತು. ಅಂದು ಮುಂಜಾನೆ ಮಗ್ಗ ತೊಳೆದಾಗಿತ್ತು, ಕಡುಬಿನ ಹೂರಣ ರುಬ್ಬಿಯಾಗಿತ್ತು, ನಾಲ್ವರು ಮುತ್ತೈದೆಯರು ಬಂದು ಕೂತಿದ್ದರು. ಸೂಜಿಯ ಹೊತ್ತಾಗಿತ್ತು. ತಡೆಯಲೇ ಎಂದು ಕೇಳಿದೆ.

“ಹಾಕಿಬಿಡು. ಐದು ನಿಮಿಷದಾಗ ಪೂಜಿ ಆಗತೈತಿ” ಎಂದರು ನಮ್ಮವರು.

ಹಾಕಿದೆ. ಐದನೆಯ ಮುತ್ತೈದೆ ಬರಲಿಲ್ಲ. ಅವಳ ಮನೆಯಲ್ಲಿ ಯಾರೋ ನೆಂಟರು ಬಂದಿದ್ದರಂತೆ; ಈಗ ಬಂದೆ, ಆಗ ಬಂದೆ ಎಂದು ಹೇಳಿ ಕಳಿಸುತ್ತಿದ್ದಳು. ಕೂತ ಹೆಂಗಸರು ಹಾಡು ಶುರು ಮಾಡಿದರು. ನಾನು ಒಳಗೆ ಕಡುಬು ಒತ್ತುತ್ತಿದ್ದೆ. ಹೊತ್ತು ನೆತ್ತಿಗೆ ಬಂತು. ಹಿಟ್ಟಿನ ಕೈಯಲ್ಲೇ ಒಳಕೋಣೆಗೆ ಇಣುಕಿದೆ.

ಅವರು ಅಂಗಾತ ಮಲಗಿದ್ದರು.

ಕೈಕಾಲು ಚಾಚಿ, ಮುಖ ಮೇಲೆ ಮಾಡಿ, ಬೆನ್ನನ್ನು ಪೂರಾ ಚಾಪೆಗೆ ಕೊಟ್ಟು. ಮೂರು ವರ್ಷದಿಂದ ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ದವಾಖಾನೆಯಿಂದ ಬಂದ ಮೇಲೂ ಅಭ್ಯಾಸಬಲದಿಂದ ಮುದುಡಿಯೇ ಮಲಗುತ್ತಿದ್ದರು. ಅಂದು, ಅದೂ ಅಮಾವಾಸ್ಯೆಯ ದಿನ, ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲದೆ ಮಲಗಿದ್ದರು. ನನಗೆ ಎಷ್ಟು ಸುಖವಾಯಿತೆಂದರೆ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದೆ, ನೋಡಿದೆ. ಆಮೇಲೆ ಬೆಳಕು ಕಣ್ಣಿಗೆ ಬೀಳದಿರಲೆಂದು ಬಾಗಿಲು ಮುಂದೆ ಮಾಡಿದೆ. ಹಾಡುವ ಹೆಂಗಸರಿಗೆ ದನಿ ತಗ್ಗಿಸಿ ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಐದನೆಯವಳು ಬಂದಳು. ಅತ್ತೆ ಪೂಜೆಗೆ ಮಗನನ್ನು ಎಬ್ಬಿಸಲು ಹೊರಟರು.

“ಎಬ್ಬಿಸಬ್ಯಾಡ್ರಿ ಅತ್ತಿ. ಎಷ್ಟ ದಿನದ ಮ್ಯಾಲ ಅಂಗಾತ ಮಕ್ಕೊಂಡಾರ. ಇಷ್ಟ ಮಕ್ಕೊಳ್ಳಿ” ಎಂದೆ.

ಅತ್ತೆ ಒಮ್ಮೆ ಇಣುಕಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿ ಬಂದರು. ಅವರಿಗೂ ನನಗಾದಷ್ಟೇ ಸುಖವಾಗಿತ್ತು. ಮುತ್ತೈದೆಯರಿಗೆ ಎಲೆ ಹಾಕತೊಡಗಿದೆವು.

ಚಳಿಯ ದಿನ. ಹೊದಿಕೆಯಾದರೂ ಹೊದಿಸೋಣವೆಂದು ಮತ್ತೆ ಹೋದೆ. ಹೊದಿಸುವಾಗ ಅವರ ಅಂಗಿಗೆ ಕೈ ತಾಗಿತು. ಹಿಂಡಿದರೆ ನೀರು ಬೀಳುವಷ್ಟು ತೊಯ್ದಿತ್ತು. ಹಣೆ ತಣ್ಣಗಿತ್ತು. ಕರೆದೆ. ರೆಪ್ಪೆ ಅರ್ಧ ತೆರೆದಿತ್ತು, ಒಳಗೆ ಅವರಿರಲಿಲ್ಲ. ಅಲುಗಾಡಿಸಿದಾಗ ತುಟಿ ಆಡಿತು. ಲಾಳಿ ಎಲ್ಲಿ, ಲಾಳಿ ಎಲ್ಲಿ ಎಂದಂತೆ ಕೇಳಿಸಿತು. ವಹಿಯಲ್ಲಿ ಬರೆದುಕೊಂಡ ಎರಡನೆಯ ಮಾತು ನನಗೆ ಆಗ ನೆನಪಾಯಿತು.

“ಅತ್ತಿ, ಸಿಹಿ ತರ್ರಿ” ಎಂದೆ. ನನ್ನ ದನಿ ಹೇಗಿತ್ತೋ, ಹೊರಗೆ ಎಲ್ಲ ಮಾತೂ ನಿಂತಿತು.

ದೇವರ ಮುಂದೆ ಎಡೆ ಇಡಲು ಅತ್ತೆ ತಟ್ಟೆ ಹಿಡಿದು ನಿಂತಿದ್ದರು. ಎಡೆ ಹಿಡಿಯುವ ಮೊದಲು ಮಕ್ಕಳು ಹೂರಣದ ಕಡೆ ನೋಡಿದರೂ ಗದರುವ ಹೆಂಗಸು. ಅದೇ ತಟ್ಟೆಯೊಡನೆ ಒಳಗೆ ಬಂದು, ಮಗನ ಪಕ್ಕ ಕೂತು, ಎಡೆಯ ಹೂರಣವನ್ನು ನೀರಿನಲ್ಲಿ ಕಿವುಚಿ ಬೆರಳಿಗೆ ಹಚ್ಚಿದರು.

“ದೇವರಿಗೆ ನಾ ಹೇಳಕೋತೀನಿ. ನೀ ಬಾಯಿ ತಗಿಸು.”

ನಾನು ದವಡೆ ಬಿಡಿಸಿದೆ. ಅವರು ವಸಡಿಗೆ ಸವರಿದರು, ಸವರುತ್ತಲೇ ಇದ್ದರು. ಕೊನೆಗೂ ಮೊದಲ ಗುಟುಕು ಇಳಿಯಿತು. ಎರಡನೆಯದು ಇಳಿಯಿತು. ಸ್ವಲ್ಪ ಹೊತ್ತಿಗೆ ಕಣ್ಣುಗಳು ತಿರುಗಿ ನಮ್ಮನ್ನು ಹುಡುಕಿದವು. “ಪೂಜಿ ಆತೇನು?” ಎಂದು ಕೇಳಿದರು. ಅತ್ತೆ, “ಆತಪ್ಪಾ” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮೊದಲ ತಟ್ಟೆ ಅವರಿಗೆ, ಆಮೇಲೆ ದೇವರಿಗೆ. ಓಣಿಯ ಹೆಂಗಸರು ಆಡಿಕೊಂಡರೆ ಅತ್ತೆ, “ನಮ್ಮ ದೇವರು ತಡೀತಾನ” ಎನ್ನುತ್ತಿದ್ದರು.

ಅವರು ಮತ್ತೆ ನೇಯ್ದರು. ಹಿಂದಿನಷ್ಟಲ್ಲ. ಮಧ್ಯಾಹ್ನ ದಣಿದು ಮಲಗುತ್ತಿದ್ದರು, ನೋವಿಲ್ಲದೆ, ಅಂಗಾತವೇ. ಅದನ್ನೇ ಕಾಣಬೇಕೆಂದು ಮೂರು ವರ್ಷ ಹಂಬಲಿಸಿದ್ದ ನನಗೆ ಈಗ ಅದು ಕಂಡರೆ ಅಂಜಿಕೆಯಾಗುತ್ತಿತ್ತು. ರಾಟೆ ಬಿಟ್ಟು ಹೋಗಿ ಹಣೆ ಮುಟ್ಟಿ ಕೇಳುತ್ತಿದ್ದೆ.

“ಎಚ್ಚರ ಅದೀರೇನ್ರಿ?”

“ಅದೀನಿ. ನಿನ್ನ ಕಾಲಾಗ ನಿದ್ದಿ ಎಲ್ಲಿ ಬರತೈತಿ?”

ಬೈದರೂ ಬಿಡಲಿಲ್ಲ. ಆಮೇಲೆ ಅವರು ಬದುಕಿದ್ದ ಒಂಬತ್ತು ವರ್ಷ ಅವರಿಗೆ ಒಂದು ಮಧ್ಯಾಹ್ನದ ನಿದ್ದೆಯನ್ನೂ ನಾನು ಪೂರ್ತಿ ಮಾಡಗೊಡಲಿಲ್ಲ. ಕಲ್ಲಿನ ನೋವು ಮರಳಿ ಬರಲಿಲ್ಲ. ಆದರೆ ಡಾಕ್ಟರು ಹೇಳಿದ್ದ ಸಕ್ಕರೆ ಬಿಡಲಿಲ್ಲ. ಅದು ಕಾಲಿಗೆ ಇಳಿಯಿತು. ಕುಣಿಯೊಳಗೆ ತುಳಿಯುವ ಹಲಗೆ ಪಾದ ತರಚಿದ್ದು ಜೋಮುಗಟ್ಟಿದ ಆ ಕಾಲಿಗೆ ತಿಳಿಯಲೇ ಇಲ್ಲ. ಗಾಯ ಮಾಯಲಿಲ್ಲ. ವಹಿಯಲ್ಲಿ ದಿನಾ ಇಟ್ಟಂಗಿ ಕೆಂಪು ಎಂದೇ ಬರೆಯುತ್ತಿದ್ದೆ.

ಕೊನೆಯದೂ ಒಂದು ಮಧ್ಯಾಹ್ನವೇ. ಮಗ್ಗದ ಪಕ್ಕದಲ್ಲಿ ಹಾಸಿಗೆ ಹಾಸಿತ್ತು. ನಾನು ಎಂದಿನಂತೆ ಹೋಗಿ ಹಣೆ ಮುಟ್ಟಿ ಕೇಳಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ಓಡಿಹೋಗಿ ಸಕ್ಕರೆ ನೀ‍ರು ಕದಡಿ ತಂದು, ದವಡೆ ಬಿಡಿಸಲು ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಇನ್ನ ಎಬ್ಬಿಸಬ್ಯಾಡವಾ. ಇಷ್ಟ ಮಕ್ಕೊಳ್ಳಿ.”